ಎರಡು ರೂಪಾಯಿ ನಾಣ್ಯ ಯಾಕೆ ಪದೇ ಪದೇ ಬದಲಾಗುತ್ತೆ? ಹಳೇದು ಈಗಲೂ ನಡೆಯುತ್ತಾ?

ಜೇಬಲ್ಲಿ ಮೂರು ಥರದ ಎರಡು ರೂಪಾಯಿ ಇವೆ, ಅದರಲ್ಲೊಂದು ಹಳೇ ಒಂದು ರೂಪಾಯಿ ಥರಾನೇ ಕಾಣುತ್ತೆ ಅಂತ ಕೇಳಿದ್ದೀರಿ. ನಿಮ್ಮ ಕಣ್ಣಿನ ತಪ್ಪಲ್ಲ ಬಿಡಿ.

ನಾನು ಬೆಳೆದದ್ದು ಅಪ್ಪನ ಕಿರಾಣಿ ಅಂಗಡಿಯ ಗಲ್ಲಾ ಪಕ್ಕದಲ್ಲಿ. ಕರೆಂಟ್ ಹೋದರೂ ಅಪ್ಪ ಚಿಲ್ಲರೆ ಕೊಡುವುದು ನಿಲ್ಲಿಸುತ್ತಿರಲಿಲ್ಲ. ಗಲ್ಲಾದೊಳಗೆ ಕೈಯಾಡಿಸಿ, ಹೆಬ್ಬೆರಳಲ್ಲಿ ಅಂಚು ಸವರಿ, ಕತ್ತಲಲ್ಲೇ ಎಣಿಸಿ ಕೊಡುತ್ತಿದ್ದರು. ಆಗಿನ ಎರಡು ರೂಪಾಯಿಗೆ 11 ಮೂಲೆ. ಐದು ರೂಪಾಯಿ ಗುಂಡಿಯ ಹಾಗೆ ದಪ್ಪ, 9 ಗ್ರಾಂ ತೂಕ. 1992ರಲ್ಲಿ ಬಂದ ಸ್ಟೀಲಿನ ಒಂದು ರೂಪಾಯಿ ತೆಳ್ಳಗೆ, ದುಂಡಗೆ. ಬೆರಳು ತಪ್ಪುವ ಮಾತೇ ಇರಲಿಲ್ಲ.

2005ರ ಹೊತ್ತಿಗೆ ಎರಡು ರೂಪಾಯಿಯೂ ಸ್ಟೀಲಿನದಾಗಿ, ದುಂಡಗಾಯಿತು. ಅದರ ಮೇಲೆ ಅಡ್ಡ-ಉದ್ದ ಗೆರೆ, ನಡುವೆ ನಾಲ್ಕು ಚುಕ್ಕಿ. ವಿವಿಧತೆಯಲ್ಲಿ ಏಕತೆ ಅಂತ ಅದರ ಅರ್ಥವಂತೆ. ಶಿಲುಬೆ ಥರ ಇದೆ ಅಂತ ಗಲಾಟೆಯೂ ಆಯಿತು. 2007ರಲ್ಲಿ ನೃತ್ಯಮುದ್ರೆಗಳು ಬಂದವು. ಒಂದು ರೂಪಾಯಿಗೆ ಎತ್ತಿದ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು. ಅಂಕೆ ಓದಲು ಬಾರದವರಿಗೂ ತಿಳಿಯುವ ಚಿತ್ರ, ನನಗಂತೂ ಇಷ್ಟ. ಆದರೆ ಕತ್ತಲಲ್ಲಿ ಏನು ಪ್ರಯೋಜನ?

ನಿಜವಾದ ತಮಾಷೆ ನಡೆದದ್ದು 2011ರಲ್ಲಿ. ಹಿಂದಿನ ವರ್ಷವಷ್ಟೇ ಆರಿಸಿದ್ದ ರೂಪಾಯಿ ಚಿಹ್ನೆ ನಾಣ್ಯದ ಮೇಲೆ ಬಂತು, ಎಲ್ಲರೂ ಅದನ್ನೇ ನೋಡಿದರು. ಅಪ್ಪ ಮಾತ್ರ ಅಳತೆ ನೋಡಿ ಗೊಣಗಿದರು. 1992ರ ಒಂದು ರೂಪಾಯಿಯನ್ನೂ 2011ರ ಎರಡು ರೂಪಾಯಿಯನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಎರಡೂ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ! ಹೊಸ ಒಂದು ರೂಪಾಯಿಯೋ, 1988ರ ಎಂಟಾಣೆಯಷ್ಟೇ. ಬಿಲ್ಲೆ ಹಳೆಯದು, ಅಚ್ಚು ಹೊಸದು. ಆ ವಾರ ಅಪ್ಪ ಎಷ್ಟು ಜನಕ್ಕೆ ಒಂದರ ಬದಲು ಎರಡು ಕೊಟ್ಟರೋ, ಲೆಕ್ಕ ಇಟ್ಟವರಿಲ್ಲ.

ಯಾಕೆ ಹೀಗೆ ಅಂದರೆ, ಮುಖ್ಯ ಕಾರಣ ಲೋಹದ ರೇಟು. ನಾಣ್ಯದ ಮೇಲಿನ ಬೆಲೆಗಿಂತ ಅದರೊಳಗಿನ ಲೋಹವೇ ದುಬಾರಿಯಾದರೆ ಜನ ಕರಗಿಸಿ ಮಾರುತ್ತಾರೆ. ಅದಕ್ಕೇ ತಾಮ್ರ-ನಿಕಲ್ ಹೋಗಿ ಸ್ಟೀಲ್ ಬಂತು, ಆಮೇಲೆ ಅದೂ ಚಿಕ್ಕದಾಯಿತು. ಚಿತ್ರ ಬದಲಾಗುವುದು ನಮಗೆ ಕಾಣುತ್ತೆ, ತೂಕ ಇಳಿಯುವುದು ಕಾಣುವುದಿಲ್ಲ, ಅಷ್ಟೇ.

2019ರ ಸರಣಿಯಲ್ಲಿ ಸ್ವಲ್ಪ ಬುದ್ಧಿ ಓಡಿಸಿದ್ದಾರೆ. ದೃಷ್ಟಿ ಇಲ್ಲದವರಿಗೂ ಗೊತ್ತಾಗಲಿ ಅಂತ ಬೆಲೆ ಏರಿದ ಹಾಗೆ ತೂಕವೂ ಏರುತ್ತದೆ. 20 ರೂಪಾಯಿಗೆ 12 ಅಂಚು. ಅದು ಮೊದಲ ಸಲ ಕೈಗೆ ಬಂದಾಗ ಅಪ್ಪ ಕಣ್ಣು ಮುಚ್ಚಿ ಅಂಚು ಸವರಿ, "ಇದಾಗಬಹುದು" ಅಂದರು.

ಇನ್ನು ಹಳೇದು ನಡೆಯುತ್ತಾ ಅಂದಿರಿ. ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ಕ್ಕೆ ರದ್ದಾದವು. ನಿಮ್ಮ ಮೂರೂ ಎರಡು ರೂಪಾಯಿ ನಡೆಯುತ್ತವೆ. ಹತ್ತು ರೂಪಾಯಿಯಲ್ಲಂತೂ 2018ರ ಹೊತ್ತಿಗೇ 14 ವಿನ್ಯಾಸಗಳಿದ್ದವು, ಎಲ್ಲವೂ ಸರಿ ಅಂತ ಆಗ ರಿಸರ್ವ್ ಬ್ಯಾಂಕೇ ಹೇಳಬೇಕಾಯಿತು. ಕಾನೂನು ಪ್ರಕಾರ ಎಂಟಾಣೆಯೂ ನಡೆಯುತ್ತದೆ. ಅಂಗಡಿಯವರು ತಗೊಳ್ಳಲ್ಲ ಅಷ್ಟೇ, ನಮ್ಮಪ್ಪನೂ ಸೇರಿ.