ಇಂಟರ್‌ವ್ಯೂನಲ್ಲಿ 'ಎಷ್ಟು ಸಂಬಳ ಬೇಕು?' ಅಂತ ಕೇಳಿದರೆ ಏನು ಹೇಳಬೇಕು?

'ನೀವೇ ನೋಡಿ ಕೊಡಿ ಸಾರ್' ಅಂತ ಮಾತ್ರ ಹೇಳಬೇಡಿ.

ಎಚ್‌ಆರ್ ಕೇಳುವುದು ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಲೆಕ್ಕ, ನಮ್ಮ ತಲೆಯಲ್ಲಿರುವುದು ಕೈಗೆ ಬರುವ ದುಡ್ಡು. ಎಡವಟ್ಟಾಗುವುದು ಇಲ್ಲೇ. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್ (ಸಾಮಾನ್ಯವಾಗಿ ಬೇಸಿಕ್‌ನ, ಅಂದರೆ ಮೂಲ ವೇತನದ 12%), ಗ್ರಾಚ್ಯುಟಿ (ಬೇಸಿಕ್‌ನ ಸುಮಾರು 4.81%), ವೇರಿಯಬಲ್ ಪೇ (ಕೆಲಸ ನೋಡಿ ಕೊಡುವ, ಹೆಚ್ಚು ಕಡಿಮೆ ಆಗುವ ಭಾಗ) ಎಲ್ಲ ಸೇರಿರುತ್ತವೆ. ಮೇಲೆ ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ ಬೇರೆ ಕಡಿತ. ಹಾಗಾಗಿ ವರ್ಷಕ್ಕೆ 6 ಲಕ್ಷ ಸಿಟಿಸಿ ಅಂದರೆ ತಿಂಗಳಿಗೆ 50 ಸಾವಿರ ಕೈಗೆ ಬರಲ್ಲ.

ಮೊದಲು 'ಇದರಲ್ಲಿ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು?' ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಆಮೇಲೆ '6ರಿಂದ 7 ಲಕ್ಷ' ಎನ್ನುವ ಥರ ಹೇಳಿ. ಅವರು ಹಿಡಿದುಕೊಳ್ಳುವುದು ಕೆಳಗಿನ ಅಂಕಿಯನ್ನೇ. ಅದು ನಿಮಗೆ ನಿಜವಾಗಿ ಒಪ್ಪಿಗೆ ಆಗುವಂತಿರಲಿ.

ಹಳೇ ಸಂಬಳ ಸುಮ್ನೆ ಜಾಸ್ತಿ ಹೇಳಬೇಡಿ. ಕೊನೆಗೆ ಪೇಸ್ಲಿಪ್ ಕೇಳ್ತಾರೆ.