ಬೆನ್ನಿಗೆ ಇಟ್ಟಂಗಿ, ಕಿಸೆಯಲ್ಲಿ ಆಟ: ಭಾರ ಹೊತ್ತು ನಡೆಯುವ ತಂಡಗಳಿಗೆ ಒಂದಿಷ್ಟು ಉತ್ತರ

ಪ್ರಶ್ನೆ: ನಾವು ಹುಬ್ಬಳ್ಳಿ ವಿದ್ಯಾನಗರದ ಎಂಟು ಜನ ಗೆಳೆಯರು, ಎಲ್ಲರಿಗೂ ಮೂವತ್ತರ ಆಸುಪಾಸು ವಯಸ್ಸು. ಕೆಲವು ವರ್ಷಗಳಿಂದ ಇನ್‌ಗ್ರೆಸ್ ಅನ್ನುವ ಫೋನ್ ಆಟ ಆಡುತ್ತಿದ್ದೇವೆ. ಎರಡು ತಿಂಗಳಿಂದ ಬೆನ್ನಿಗೆ ತೂಕದ ಚೀಲ ಹಾಕಿಕೊಂಡು ನಡೆಯುವ ರಕಿಂಗ್ ಕೂಡ ಶುರು ಮಾಡಿದ್ದೇವೆ. ಎರಡನ್ನೂ ಸೇರಿಸಿ ಒಂದು ದಿನದ ಸವಾಲು ಇಟ್ಟುಕೊಳ್ಳುವ ಆಸೆ. ಉಣಕಲ್ ಕೆರೆಯಿಂದ ಧಾರವಾಡದವರೆಗೆ ನಡೆಯುತ್ತಾ ದಾರಿಯ ಎಲ್ಲ ಪೋರ್ಟಲ್ (ಆಟದಲ್ಲಿ ಗುರುತಿಸಿದ ಜಾಗ) ಹಿಡಿಯಬೇಕು, ತಲಾ 15 ಕೆ.ಜಿ. ಹೊರಬೇಕು ಅಂತ ಒಬ್ಬ ಗೆಳೆಯ ಹಟ ಹಿಡಿದಿದ್ದಾನೆ. ಇದು ಸರಿಯೇ? ಹೇಗೆ ಮಾಡಬೇಕು?

ಉತ್ತರ: ಆಸೆ ಬಹಳ ಚೆನ್ನಾಗಿದೆ. ಲೆಕ್ಕ ಮಾತ್ರ ತಪ್ಪಿದೆ. ನಿಮ್ಮ ಗೆಳೆಯರಿಗೆ ಒಂದು ಹೋಲಿಕೆ ಹೇಳಿ. ಅಮೆರಿಕದ ಸೇನೆಯಲ್ಲಿ ಪರಿಣತ ಪದಾತಿ ಸೈನಿಕನ ಬ್ಯಾಡ್ಜ್ ಬೇಕೆಂದರೆ ಸುಮಾರು 16 ಕೆ.ಜಿ. ಹೊತ್ತು 19 ಕಿ.ಮೀ. ದೂರವನ್ನು 3 ಗಂಟೆಯೊಳಗೆ ಮುಗಿಸಬೇಕು. ಅದು ದಿನಾ ತರಬೇತಿ ಇರುವ ಸೈನಿಕರ ಪರೀಕ್ಷೆ. ಎರಡೇ ತಿಂಗಳ ಅಭ್ಯಾಸದಲ್ಲಿ ನೀವು ಹೆಚ್ಚು ಕಡಿಮೆ ಅದೇ ತೂಕಕ್ಕೆ ಕೈ ಹಾಕುತ್ತಿದ್ದೀರಿ, ಮೇಲೆ ಆಟವನ್ನೂ ಇಟ್ಟುಕೊಂಡಿದ್ದೀರಿ.

ರಕಿಂಗ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಹೆಸರು ಹೊಸದು, ಕೆಲಸ ನಮಗೆ ಹಳೆಯದು. ಯುಗಾದಿಗೆ ಮುಂಚೆ ನಮ್ಮ ಕಡೆಯಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವವರನ್ನು ನೋಡಿದ್ದೀರಿ ಅಲ್ವಾ? ಜಾತ್ರೆಯಲ್ಲಿ ಜೋಳದ ಚೀಲ ಎತ್ತುವ, ಗುಂಡು ಕಲ್ಲು ಎತ್ತುವ ಸ್ಪರ್ಧೆಗಳೂ ಇದೇ ಬಳಗದವು. ಇದನ್ನು ತಂಡದ ಸವಾಲಾಗಿ ಜನಪ್ರಿಯ ಮಾಡಿದ್ದು ಅಮೆರಿಕದ ಗೋರಕ್ ಕಂಪನಿ. ಸೇನೆಯ ವಿಶೇಷ ಪಡೆಯಲ್ಲಿದ್ದವರು ಅದನ್ನು ನಡೆಸುತ್ತಾರೆ. 2010ರಲ್ಲಿ ಈ ಸವಾಲುಗಳು ಶುರುವಾದಾಗ ಜನ ಚೀಲದಲ್ಲಿ ಹೊತ್ತದ್ದು ಇಟ್ಟಂಗಿಗಳನ್ನೇ. ಅಲ್ಲಿ ಯಾರು ಮೊದಲು ಬಂದರು ಅನ್ನುವ ಲೆಕ್ಕವಿಲ್ಲ. ತಂಡ ಒಟ್ಟಿಗೆ ಹೊರಡಬೇಕು, ಒಟ್ಟಿಗೆ ಮುಗಿಸಬೇಕು. ಇನ್‌ಗ್ರೆಸ್ 2012ರಲ್ಲಿ ಬಂದ ಆಟ. ಊರಿನ ನಿಜವಾದ ಗುಡಿ, ಪ್ರತಿಮೆ, ಉದ್ಯಾನಗಳೇ ಅದರಲ್ಲಿ ಪೋರ್ಟಲ್. ಅಲ್ಲಿಗೆ ನಡೆದು ಹೋದರೆ ಮಾತ್ರ ಆಟ. ಗೋರಕ್, ಇನ್‌ಗ್ರೆಸ್ ಎರಡೂ ಕೈ ಜೋಡಿಸಿ ಕಾರ್ಯಕ್ರಮ ನಡೆಸಿದ್ದೂ ಉಂಟು. ಹಾಗಾಗಿ ನಿಮ್ಮ ಯೋಚನೆ ಹುಚ್ಚಲ್ಲ.

ಆದರೆ ಒಂದು ವಿಷಯ ಮೊದಲೇ ತಿಳಿದುಕೊಳ್ಳಿ. ಆಟ ಅವಸರ ಮಾಡಿಸುತ್ತದೆ, ಭಾರ ನಿಧಾನ ಕೇಳುತ್ತದೆ. ಇವೆರಡು ಒಬ್ಬನೇ ಮನುಷ್ಯನ ಮೈಮೇಲೆ ಬಿದ್ದರೆ ಏಟು ಖಂಡಿತ. ನಾನು ಜೊತೆಗಿದ್ದ ಒಂದು ತಂಡದಲ್ಲಿ, ಕೆಲಗೇರಿ ಕೆರೆಯ ಹತ್ತಿರ, ಹುಡುಗನೊಬ್ಬ ಫೋನ್ ನೋಡುತ್ತಾ ರಸ್ತೆಯ ಅಂಚಿನಿಂದ ಕಾಲು ಜಾರಿಸಿದ. ಖಾಲಿ ಬೆನ್ನಿದ್ದರೆ ಸುಮ್ನೆ ಎಡವಿ ಎದ್ದುಬಿಡುತ್ತಿದ್ದ. ಬೆನ್ನ ಮೇಲೆ 10 ಕೆ.ಜಿ. ಇದ್ದದ್ದರಿಂದ ಪಾದದ ಕೀಲು ಪೂರ್ತಿ ಹೊರಳಿತು. ಆರು ವಾರ ಮನೆಯಲ್ಲಿ ಕೂತ. ಅವತ್ತಿನಿಂದ ನನ್ನ ತಂಡಗಳಲ್ಲಿ ಒಂದೇ ಗಟ್ಟಿ ನಿಯಮ. ಕಾಲು ನಡೆಯುತ್ತಿದ್ದರೆ ಫೋನ್ ಕಿಸೆಯಲ್ಲಿ, ಫೋನ್ ಕೈಗೆ ಬಂದರೆ ಕಾಲು ನಿಂತಿರಬೇಕು. ದಾರಿ ನೋಡಲು ಇಬ್ಬರನ್ನು ನೇಮಿಸಿ. ಅವರ ಚೀಲ ಹಗುರ ಇರಲಿ. ಪೋರ್ಟಲ್‌ನಿಂದ ಪೋರ್ಟಲ್‌ಗೆ ಆ ಜೋಡಿ ಬದಲಾಗಲಿ.

ಇನ್ನು ತೂಕ. ನಿಮ್ಮ ಮೈತೂಕದ ಹತ್ತನೇ ಒಂದು ಭಾಗದಿಂದ ಶುರು ಮಾಡಿ. 60 ಕೆ.ಜಿ. ಇರುವವರಿಗೆ 6, 80 ಇರುವವರಿಗೆ 8. ಎಲ್ಲರಿಗೂ ಒಂದೇ ತೂಕ ಅನ್ನುವುದು ನ್ಯಾಯದಂತೆ ಕಾಣುತ್ತದೆ, ಆದರೆ ಅದು ಸಣ್ಣ ಮೈಯವರಿಗೆ ಅನ್ಯಾಯ. ವಾರಕ್ಕೆ ಎರಡು ಸಲ, ನಡುವೆ ಎರಡು ದಿನ ಬಿಟ್ಟು ನಡೆಯಿರಿ. ಒಂದು ವಾರ ದೂರ ಹೆಚ್ಚಿಸಿದರೆ ಆ ವಾರ ತೂಕ ಹೆಚ್ಚಿಸಬೇಡಿ. ಉಸಿರು, ಮಾಂಸಖಂಡ ಬೇಗ ಹೊಂದಿಕೊಳ್ಳುತ್ತವೆ. ಕೀಲು, ಎಲುಬು, ಅಂಗಾಲು ನಿಧಾನ. 'ನನಗೇನೂ ಆಗಲ್ಲ' ಅನ್ನಿಸುವ ಮೂರನೇ ವಾರದಲ್ಲೇ ಜಾಸ್ತಿ ಜನ ಮೊಣಕಾಲು ಕೆಡಿಸಿಕೊಳ್ಳುತ್ತಾರೆ.

ಚೀಲ ತುಂಬುವ ರೀತಿಯೂ ಮುಖ್ಯ. ಇಟ್ಟಂಗಿ ಆದರೆ ಹಳೆಯ ಟವೆಲ್ಲಿನಲ್ಲಿ ಸುತ್ತಿ, ಅಲುಗಾಡದಂತೆ ಕಟ್ಟಿ. ಚೀಲದ ತಳಕ್ಕೆ ಹಳೆಯ ಚಾದರ ತುರುಕಿ. ತೂಕ ಮೇಲೆ, ಭುಜದ ಎಲುಬುಗಳ ನಡುವೆ, ಬೆನ್ನಿಗೆ ಅಂಟಿಕೊಂಡು ಕೂರಬೇಕು. ಸೊಂಟದ ಹತ್ತಿರ ಜೋತು ಬಿದ್ದರೆ ಮೈ ಮುಂದಕ್ಕೆ ಬಾಗುತ್ತದೆ, ಸಂಜೆಗೆ ನಡು ಹಿಡಿಯುತ್ತದೆ. ನನ್ನನ್ನು ಕೇಳಿದರೆ ಅರ್ಧ ತೂಕ ನೀರಿನ ಬಾಟಲಿಯದೇ ಇರಲಿ. ಒಂದು ಲೀಟರ್ ಅಂದರೆ ಒಂದು ಕೆ.ಜಿ. ಯಾರಿಗಾದರೂ ಸುಸ್ತಾದರೆ ನೀರನ್ನು ಗಿಡದ ಬುಡಕ್ಕೆ ಚೆಲ್ಲಬಹುದು. ಇಟ್ಟಂಗಿಯನ್ನು ದಾರಿಯಲ್ಲಿ ಬಿಟ್ಟು ಬರಲು ಯಾರಿಗೂ ಮನಸ್ಸು ಬರುವುದಿಲ್ಲ, ಅದಕ್ಕೇ ನೋವು ತಿಂದು ಹೊರುತ್ತಾರೆ.

ಬೆರಳು ಜೋಮು ಹಿಡಿದರೆ ಚೀಲದ ಪಟ್ಟಿ ಭುಜದ ನರವನ್ನು ಒತ್ತುತ್ತಿದೆ ಅಂತ ಅರ್ಥ. ತಕ್ಷಣ ಇಳಿಸಿ. ಇದನ್ನು ಅಸಡ್ಡೆ ಮಾಡಿದರೆ ಕೈಯ ಶಕ್ತಿಯೇ ಕಡಿಮೆಯಾಗಬಹುದು. ಕಾಲಿಗೆ ಗುಳ್ಳೆ ಏಳದಿರಲು ತೆಳು ಕಾಲುಚೀಲದ ಮೇಲೆ ದಪ್ಪದ್ದು ಹಾಕಿ, ಬೆರಳುಗಳಿಗೆ ವ್ಯಾಸಲೀನ್ ಹಚ್ಚಿ, ಅರ್ಧ ದಾರಿಯಲ್ಲಿ ಬದಲಿಸಲು ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಳ್ಳಿ.

ಈಗ ಆಟ. ನೀವು ಎಂಟು ಜನ ಇರುವುದೇ ನಿಮ್ಮ ಭಾಗ್ಯ! ಇನ್‌ಗ್ರೆಸ್‌ನಲ್ಲಿ ಒಂದು ಪೋರ್ಟಲ್‌ಗೆ ಎಂಟು ರೆಸೊನೇಟರ್ (ಪೋರ್ಟಲ್ ನಮ್ಮದು ಮಾಡಿಕೊಳ್ಳಲು ಆಟದಲ್ಲಿ ಇಡುವ ಸಾಧನ) ಬೇಕು. ಎಂಟನೇ ಹಂತದ ರೆಸೊನೇಟರನ್ನು ಒಬ್ಬ ಏಜೆಂಟ್, ಅಂದರೆ ಆಟಗಾರ, ಒಂದು ಪೋರ್ಟಲ್‌ನಲ್ಲಿ ಒಂದೇ ಒಂದು ಇಡಬಹುದು. ಅಂದರೆ ಪೂರ್ತಿ ಎಂಟನೇ ಹಂತದ ಪೋರ್ಟಲ್ ಆಗಲು ಎಂಟು ಜನ ಅಲ್ಲಿಗೆ ಬರಲೇಬೇಕು. ಒಬ್ಬ ಹಿಂದೆ ಬಿದ್ದರೂ ಕೆಲಸ ಅಪೂರ್ಣ. ರಕಿಂಗ್ ತಂಡದ ನಿಯಮವೂ ಇದೇ ತಾನೆ? ಎಲ್ಲರೂ ಆಟದಲ್ಲಿ ಒಂದೇ ಬಣ್ಣದ ಪಕ್ಷದಲ್ಲಿರಬೇಕು ಅನ್ನುವುದನ್ನು ಮೊದಲು ನೋಡಿಕೊಳ್ಳಿ. ನಾಲ್ವರು ಹಸಿರು, ನಾಲ್ವರು ನೀಲಿ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ.

ಎಲ್ಲ ಪೋರ್ಟಲ್ ಹಿಡಿಯುವ ಆಸೆ ಬಿಡಿ. ಮೂರೇ ಮೂರು ಆರಿಸಿ, ಒಂದು ತ್ರಿಕೋನ ಮಾಡಿ. ಹುಬ್ಬಳ್ಳಿಯಲ್ಲಾದರೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ, ನೃಪತುಂಗ ಬೆಟ್ಟ, ಇಂದಿರಾ ಗಾಜಿನ ಮನೆ, ಇವುಗಳ ಸುತ್ತಮುತ್ತ ಆ್ಯಪಿನಲ್ಲಿ ಏನಿದೆ ನೋಡಿ. ಮೊದಲ ಜಾಗದಲ್ಲಿ ಎಂಟು ರೆಸೊನೇಟರ್ ಇಟ್ಟು, ಹ್ಯಾಕ್ ಮಾಡಿ (ಪೋರ್ಟಲ್‌ನಿಂದ ಆಟದ ಸಾಮಾನು ತೆಗೆದು) ಅದರ ಕೀಲಿ ಪಡೆಯಿರಿ, ಆ ಪೋರ್ಟಲ್‌ಗೆ ಲಿಂಕ್ ಹಾಕಲು ಅದು ಬೇಕು. ಎರಡನೇ ಜಾಗದಲ್ಲೂ ಅದೇ ಕೆಲಸ, ಜೊತೆಗೆ ಅಲ್ಲಿಂದ ಮೊದಲನೆಯದಕ್ಕೆ ಲಿಂಕ್, ಅಂದರೆ ಎರಡು ಪೋರ್ಟಲ್ ಸೇರಿಸುವ ಗೆರೆ. ಮೂರನೇ ಜಾಗದಿಂದ ಎರಡಕ್ಕೂ ಲಿಂಕ್ ಹಾಕಿದರೆ ಹೊಲ, ಅಂದರೆ ಆಟದ ತ್ರಿಕೋನ, ಮುಚ್ಚಿತು. ಹೋದ ದಾರಿಯಲ್ಲಿ ವಾಪಸ್ ಬರಬೇಕಿಲ್ಲ. ಭಾರ ಹೊತ್ತವರಿಗೆ ಇದು ದೊಡ್ಡ ಉಳಿತಾಯ. ಒಬ್ಬರಿಗೆ ಕೀಲಿ ಸಿಗದಿದ್ದರೂ ಎಂಟು ಜನ ಹ್ಯಾಕ್ ಮಾಡಿದಾಗ ಯಾರಿಗಾದರೂ ಸಿಗುತ್ತದೆ. ಲಿಂಕ್‌ಗಳು ಒಂದನ್ನೊಂದು ದಾಟುವ ಹಾಗಿಲ್ಲ. ಆದ್ದರಿಂದ ಹಿಂದಿನ ರಾತ್ರಿ ನಕ್ಷೆ ನೋಡಿ, ನಡುವೆ ಬೇರೆಯವರ ಲಿಂಕ್ ಇದ್ದರೆ ಬೇರೆ ತ್ರಿಕೋನ ಯೋಚಿಸಿ.

ತಂಡದ ತೂಕ ಅಂತ ಒಂದು ಉಸುಕಿನ ಚೀಲ ಸೇರಿಸಿ, 12 ಕೆ.ಜಿ. ಸಾಕು. ಅದನ್ನು ಸರದಿಯಲ್ಲಿ ಹೊರಬೇಕು, ನೆಲಕ್ಕೆ ಇಡಬಾರದು. ಅದನ್ನು ಹೊತ್ತವರ ಬೆನ್ನಿನ ಚೀಲ ಇನ್ನೊಬ್ಬರಿಗೆ. ಪ್ರತಿ ಮುನ್ನೂರು ಹೆಜ್ಜೆಗೆ ಕೈ ಬದಲಿಸಿ. ಎಣಿಸುವುದು ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಕೆಲಸ, ಅವರೇ ಮುಂದೆ ನಡೆಯಬೇಕು. ಹೀಗೆ ಮಾಡಿದಾಗ ತಂಡ ಒಡೆಯುವುದಿಲ್ಲ. ನಾನು ಅನುಭವದಿಂದ ಹೇಳುತ್ತಿದ್ದೇನೆ.

ಧಾರವಾಡದವರೆಗಿನ ನಡಿಗೆ ಮುಂದಿನ ವರ್ಷಕ್ಕೆ ಇರಲಿ. ನಡೆಯುವಾಗಲೂ ಚಿಗರಿ ಬಸ್ಸಿಗೇ ಮೀಸಲಾದ ಮಾರ್ಗಕ್ಕೆ ಕಾಲಿಡಲೇಬೇಡಿ. ಬಸ್ಸು ವೇಗವಾಗಿ ಬರುತ್ತದೆ, ಬೆನ್ನಿಗೆ ಭಾರ ಇರುವವರು ಛಂಗನೆ ಪಕ್ಕಕ್ಕೆ ಸರಿಯಲಾರರು. ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಬೆಳಗ್ಗೆ ಆರಕ್ಕೆ ಹೊರಟು ಹತ್ತಕ್ಕೆ ಮುಗಿಸಿ. ಶೇಂಗಾ ಚಿಕ್ಕಿ, ಬಾಳೆಹಣ್ಣು, ಓಆರ್‌ಎಸ್ ಜೊತೆಗಿರಲಿ. ಯಾರಾದರೂ ತೊದಲಿದರೆ, ದಿಕ್ಕು ತಪ್ಪಿದವರ ಹಾಗೆ ಮಾತಾಡಿದರೆ ಆಟ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ಕರೆತಂದು ಮೈಗೆ ನೀರು ಹಾಕಿ, 108ಕ್ಕೆ ಕರೆ ಮಾಡಿ. ಹೊಲ ಮುಚ್ಚದಿದ್ದರೆ ನಾಳೆ ಮುಚ್ಚಬಹುದು.

ಪ್ರಶ್ನೆ: ನಮ್ಮದು ಗದಗ. ನನ್ನ ಮಗನಿಗೆ 14 ವರ್ಷ, ತೂಕ 42 ಕೆ.ಜಿ. ಪೋಕೆಮಾನ್ ಗೋ ಆಡುತ್ತಾನೆ. ಅವನ ಸೋದರಮಾವನ ತಂಡ ಭಾರ ಹೊತ್ತು ನಡೆಯುತ್ತದೆ, ತಾನೂ 8 ಕೆ.ಜಿ. ಹೊತ್ತು ಹೋಗುತ್ತೇನೆ ಅಂತ ಗಲಾಟೆ ಮಾಡುತ್ತಿದ್ದಾನೆ. ಕಳಿಸಲೇ?

ಉತ್ತರ: ಕಳಿಸಿ ತಾಯಿ, ಆದರೆ 8 ಕೆ.ಜಿ. ಬೇಡ. ಶಾಲೆಯ ಚೀಲವೇ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು ಅಂತ ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿ ಹೇಳುತ್ತದೆ. ನಿಮ್ಮ ಮಗನಿಗೆ ಅದು 4 ಕೆ.ಜಿ. ಆಸುಪಾಸು. ಅದನ್ನು ಅವನು ವಾರಕ್ಕೆ ಆರು ದಿನ ಹೊರುತ್ತಾನೆ. ರವಿವಾರವಾದರೂ ಆ ಬೆನ್ನಿಗೆ ಬಿಡುವು ಸಿಗಲಿ. ತನ್ನ ನೀರಿನ ಬಾಟಲಿ, ಒಂದು ಟೋಪಿ ಸಾಕು.

ಹುಡುಗನಿಗೆ 'ಬೇಡ' ಅಂದರೆ ಬೇಜಾರಾಗುತ್ತದೆ, ಅದಕ್ಕೆ ಅವನಿಗೆ ದೊಡ್ಡ ಕೆಲಸ ಕೊಡಿ. ತ್ರಿಕೂಟೇಶ್ವರ, ವೀರನಾರಾಯಣ ಗುಡಿ, ಭೀಷ್ಮ ಕೆರೆ ಸೇರುವ ಹಾಗೆ ದಾರಿಯ ನಕ್ಷೆ ಅವನೇ ಬರೆಯಲಿ. ಎಲ್ಲಿ ನಿಲ್ಲಬೇಕು, ಎಲ್ಲಿ ನೀರು ಸಿಗುತ್ತದೆ, ಎಲ್ಲಿ ರಸ್ತೆ ದಾಟುವುದು ಸುಲಭ ಅಂತ ಗುರುತು ಹಾಕಲಿ. ದೊಡ್ಡವರು ಅವನ ನಕ್ಷೆಯ ಪ್ರಕಾರ ನಡೆಯಲಿ. ಪೋಕೆಮಾನ್ ಗೋದಲ್ಲಿ ಒಂದು ಅನುಕೂಲವಿದೆ. ಅಡ್ವೆಂಚರ್ ಸಿಂಕ್ ಅನ್ನುವುದನ್ನು ಆನ್ ಮಾಡಿದರೆ ಆ್ಯಪ್ ಮುಚ್ಚಿದ್ದರೂ ನಡೆದ ದೂರ ಲೆಕ್ಕಕ್ಕೆ ಬರುತ್ತದೆ. ಅಷ್ಟು ದೂರ ನಡೆದಾಗ ಒಡೆಯುವ ಆಟದ 2, 5, 10 ಕಿ.ಮೀ. ಮೊಟ್ಟೆಗಳು ಕಿಸೆಯಲ್ಲೇ ಮರಿಯಾಗುತ್ತವೆ. ಫೋನ್ ನೋಡಿಕೊಂಡು ನಡೆಯುವ ಚಟವೂ ಕಡಿಮೆಯಾಗುತ್ತದೆ.

ಪ್ರಶ್ನೆ: ಧಾರವಾಡದಲ್ಲಿ ಬೆಳಗಿನ ಜಾವ ನಾವು ಆರು ಜನ ಚೀಲ ಹೊತ್ತು, ಫೋನ್ ಹಿಡಿದು ನಿಂತಿದ್ದಾಗ ಪೊಲೀಸರು ತಡೆದು ವಿಚಾರಿಸಿದರು. ಅನುಮತಿ ಬೇಕೇ?

ಉತ್ತರ: ಅವರು ಕೇಳಿದ್ದು ಸರಿಯಾಗಿದೆ. ಕತ್ತಲಲ್ಲಿ ಭಾರದ ಚೀಲ ಹೊತ್ತ ಆರು ಜನ ಒಂದು ಕಟ್ಟಡದ ಮುಂದೆ ಫೋನ್ ಎತ್ತಿ ನಿಂತರೆ ನಾನಾದರೂ ಕೇಳುತ್ತೇನೆ. ಸ್ನೇಹಿತರ ನಡಿಗೆಯೇ ಆದರೂ, ಎರಡು ದಿನ ಮುಂಚೆ ಹತ್ತಿರದ ಠಾಣೆಗೆ ಹೋಗಿ ಒಂದು ಪತ್ರ ಕೊಡಿ. ಯಾವ ದಾರಿ, ಎಷ್ಟು ಜನ, ಚೀಲದಲ್ಲಿ ಏನಿದೆ, ಯಾರ ಫೋನ್ ನಂಬರ್, ಇಷ್ಟು ಬರೆದರೆ ಸಾಕು. ಅದರ ಪ್ರತಿ ಜೊತೆಗಿರಲಿ. ಚೀಲ ತೆರೆದು ತೋರಿಸಲು ಹಿಂಜರಿಯಬೇಡಿ. ರೈಲು ನಿಲ್ದಾಣ, ವಿಮಾನ ನಿಲ್ದಾಣ, ನ್ಯಾಯಾಲಯದ ಹತ್ತಿರದ ಪೋರ್ಟಲ್‌ಗಳನ್ನು ಪಟ್ಟಿಯಿಂದಲೇ ತೆಗೆಯಿರಿ. ಗುಡಿ, ದರ್ಗಾಗಳ ಒಳಗೆ ಭಾರದ ಚೀಲ ಒಯ್ಯಬೇಡಿ. ಪೂಜೆ, ನಮಾಜಿನ ಹೊತ್ತಿನಲ್ಲಿ ಹೊರಗೂ ಗುಂಪು ಕಟ್ಟಬೇಡಿ.

ಪ್ರಶ್ನೆ: ಹಾವೇರಿಯಲ್ಲಿ ಪೋರ್ಟಲ್‌ಗಳು ಕಡಿಮೆ. ನಮ್ಮಂಥ ಸಣ್ಣ ಊರಿನವರು ಏನು ಮಾಡಬೇಕು? ಇರುವ ಹತ್ತು ಜನರಲ್ಲಿ ನಾಲ್ವರ ಹತ್ತಿರ ಮಾತ್ರ ಆಟಕ್ಕೆ ಆಗುವಂಥ ಫೋನ್ ಇದೆ.

ಉತ್ತರ: ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಎರಡು ದಾರಿ ಇವೆ.

ಒಂದು, ಅನುಭವಿ ಆಟಗಾರರು ವೇಫೇರರ್ (ಆಟಕ್ಕೆ ಜಾಗ ಸೂಚಿಸುವ, ಪರಿಶೀಲಿಸುವ ವ್ಯವಸ್ಥೆ) ಮೂಲಕ ಹೊಸ ಜಾಗಗಳನ್ನು ಸೂಚಿಸಬಹುದು. ಬೇರೆ ಆಟಗಾರರು ನೋಡಿ ಒಪ್ಪಬೇಕು. ಜನ ನಡೆದುಕೊಂಡು ಸುಲಭವಾಗಿ ಹೋಗುವ ಜಾಗವಾಗಿರಬೇಕು. ಖಾಸಗಿ ಮನೆ, ಮಕ್ಕಳ ಶಾಲೆ ನಡೆಯುವುದಿಲ್ಲ. ಫೋಟೋದಲ್ಲಿ ಜನರ ಮುಖ, ಗಾಡಿಯ ನಂಬರ್ ಬರಬಾರದು. ಹಳೆಯ ಕಲ್ಲಿನ ಶಾಸನ, ಊರ ಉದ್ಯಾನ, ಗ್ರಂಥಾಲಯ, ಇಂಥವನ್ನು ಒಳ್ಳೆಯ ವಿವರದೊಂದಿಗೆ ಕಳಿಸಿ. ಇದಕ್ಕೆ ಸಮಯ ಹಿಡಿಯುತ್ತದೆ.

ಇನ್ನೊಂದು, ನಿಮ್ಮದೇ ಆಟ ಕಟ್ಟಿಕೊಳ್ಳಿ. ನನಗೆ ಇದೇ ಹೆಚ್ಚು ಇಷ್ಟ, ಯಾಕೆಂದರೆ ಫೋನ್ ಇಲ್ಲದ ಆರು ಜನ ಹೊರಗೆ ಉಳಿಯುವುದಿಲ್ಲ. ಐದು ಜನರ ಎರಡು ತಂಡ ಮಾಡಿ. ಒಂದೊಂದು ತಂಡಕ್ಕೆ ಎರಡು ಫೋನ್. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಾಕಿದರೆ ಯಾರು ಎಲ್ಲಿದ್ದಾರೆ ಅಂತ ಎರಡೂ ತಂಡಕ್ಕೆ ಕಾಣುತ್ತದೆ. ಆರು ಜಾಗ ಗೊತ್ತು ಮಾಡಿ, ಪ್ರತಿ ಜಾಗಕ್ಕೂ ಅಲ್ಲಿಗೆ ಹೋದವರಿಗಷ್ಟೇ ಉತ್ತರ ಸಿಗುವ ಒಂದು ಪ್ರಶ್ನೆ ಇರಲಿ. ಎಷ್ಟು ಕಂಬ ಇವೆ, ಯಾವ ದಿಕ್ಕಿಗೆ ಬಾಗಿಲು ಇದೆ, ಹೀಗೆ. ಐದೂ ಜನ, ಐದೂ ಚೀಲ ಒಂದೇ ಫೋಟೋದಲ್ಲಿ ಬಂದರೆ ಮಾತ್ರ ಅಂಕ. ಬೇಗ ಬಂದವರಿಗೆ ಹೆಚ್ಚು ಅಂಕ ಕೊಡಲೇಬೇಡಿ, ಕೊಟ್ಟರೆ ಎರಡೂ ತಂಡ ಓಡಲು ಶುರು ಮಾಡುತ್ತವೆ. ಭಾರ ಹೊತ್ತು ಓಡಿದರೆ ಮೊಣಕಾಲಿಗೆ ಪೆಟ್ಟು.

ಊರ ಹೊರಗಿನ ಹೆಗ್ಗೇರಿ ಕೆರೆಯಿಂದ ಶುರು ಮಾಡಿ, ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಹೊರಡಿ. ಕೊನೆಯ ಜಾಗ ಪುರಸಿದ್ಧೇಶ್ವರ ಗುಡಿಯ ಎದುರು ಇರಲಿ. ಆ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಸಂಜೆಯ ಬೆಳಕು ನೇರ ಅದರ ಮೇಲೆ ಬೀಳುತ್ತದೆ. ಹತ್ತೂ ಜನರ ಫೋಟೋ ಚೆನ್ನಾಗಿ ಬರುತ್ತದೆ.