ಬಣ್ಣದ ಡಬ್ಬ ಆಮೇಲೆ, ಮೊದಲು ಕಿಟಕಿ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆ ಟೀಚರ್. ಕ್ಲಾಸ್‌ರೂಮ್ ಸರಿಮಾಡಿಸಲು ಸ್ವಲ್ಪ ಹಣ ಸಿಕ್ಕಿದೆ. ಗಾಢ ಬಣ್ಣ ಬಳಿದು ಗೋಡೆ ತುಂಬ ಚಿತ್ರ ಹಾಕಿಸೋಣ ಅಂತ ಎಲ್ಲರೂ ಹೇಳುತ್ತಿದ್ದಾರೆ. ನನ್ನ ಚಿಂತೆ ಬೇರೆ. ಮಧ್ಯಾಹ್ನ ಅರ್ಧ ಮಕ್ಕಳು ತೂಕಡಿಸುತ್ತಾರೆ, ಹಿಂದೆ ಕೂತವರಿಗೆ ನನ್ನ ಮಾತು ಸರಿಯಾಗಿ ಕೇಳುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಚಿಂತೆಯೇ ಸರಿ ಟೀಚರ್, ಬಣ್ಣ ಕಾಯಲಿ. ತೂಕಡಿಕೆಗೆ ಊಟವನ್ನೇ ಬೈಯುತ್ತೇವೆ, ಆದರೆ ಗಾಳಿಯದೂ ತಪ್ಪಿರುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗ ಗಾಳಿಗೆ 420 ಭಾಗ) ಇರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ 40 ಮಕ್ಕಳು ಕೂತು ಉಸಿರಾಡಿದರೆ ಒಂದೇ ಪೀರಿಯಡ್‌ನಲ್ಲಿ ಅದು 1,000 ದಾಟಿಬಿಡುತ್ತದೆ, ಆಮೇಲೆ ತಲೆ ಭಾರ, ಆಕಳಿಕೆ. ಎದುರುಬದುರು ಕಿಟಕಿ ಅಥವಾ ಬಾಗಿಲು ತೆರೆದಿದ್ದರೆ ಗಾಳಿ ಒಳಗೆ ಬಂದು ಹೊರಗೆ ಹೋಗುತ್ತದೆ, ಫ್ಯಾನ್ ಇರುವ ಗಾಳಿಯನ್ನೇ ತಿರುಗಿಸುತ್ತದೆ ಅಷ್ಟೇ. ಕಿಟಕಿಗೆ ಅಡ್ಡ ಬೀರು ಇಟ್ಟಿದ್ದರೆ (ಎಷ್ಟೋ ಕಡೆ ಇಟ್ಟೇ ಇರುತ್ತಾರೆ!) ಮೊದಲು ಅದನ್ನು ಸರಿಸಿ.

ಇನ್ನು ಶಬ್ದ. ಖಾಲಿ ಕೋಣೆಯಲ್ಲಿ ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ಗುಂಯ್ ಅಂತ ಉಳಿದರೆ ತೊಂದರೆ ನಿಮ್ಮ ಗಂಟಲಿನದಲ್ಲ, ಗೋಡೆಯದು. ಅಮೆರಿಕದ ಮಾನದಂಡದ ಪ್ರಕಾರ ಸಾಮಾನ್ಯ ಅಳತೆಯ ಕ್ಲಾಸಿನಲ್ಲಿ ಈ ಗುಂಯ್‌ಗುಡುವಿಕೆ 0.6 ಸೆಕೆಂಡಿನೊಳಗೆ ಅಡಗಬೇಕು. ನೀವು ಕಿರುಚಿದರೆ ಅದೂ ಜೊತೆಗೇ ಜಾಸ್ತಿಯಾಗುತ್ತದೆ, ಹಿಂದಿನ ಬೆಂಚಿಗೆ ಒಂದು ಪದದ ಬಾಲ ಇನ್ನೊಂದರ ತಲೆಗೆ ಅಂಟಿಕೊಂಡು ಕೇಳುತ್ತದೆ. ಹಣ ಸಾಲುವುದಾದರೆ ಸೀಲಿಂಗ್‌ಗೆ ಸದ್ದು ಹೀರುವ ಹಲಗೆ ಹಾಕಿಸಿ. ಇಲ್ಲವಾದರೆ ಹಿಂದಿನ ಗೋಡೆಗೆ ದಪ್ಪ ಬಟ್ಟೆ ಹೊದಿಸಿದ ಪಿನ್ ಬೋರ್ಡ್, ಕುರ್ಚಿ ಕಾಲಿಗೆ ರಬ್ಬರ್ ಬುಷ್.

ಬಿಸಿಲಿಗೆ ಬೋರ್ಡ್ ಹೊಳೆಯುತ್ತಿದ್ದರೆ ಕಿಟಕಿಗೆ ಪರದೆ ಹಾಕಿ. ಕೂತಾಗ ಮಕ್ಕಳ ಪಾದ ನೆಲಕ್ಕೆ ತಾಗಲಿ, ಜೋತಾಡುವ ಕಾಲು ಸುಮ್ನೆ ಇರಲ್ಲ ಅಲ್ವಾ?

ಚಿತ್ರಗಳ ವಿಷಯಕ್ಕೆ ನಿಮ್ಮವರು ಬೇಜಾರಾಗಬಹುದು. 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 24 ಪುಟ್ಟ ಮಕ್ಕಳಿಗೆ ಚಿತ್ರ ತುಂಬಿದ ಕೋಣೆಯಲ್ಲೂ ಬೋಳು ಕೋಣೆಯಲ್ಲೂ ಪಾಠ ಮಾಡಿಸಿ ನೋಡಿದರು. ಚಿತ್ರ ತುಂಬಿದ ಕಡೆ ಗಮನ ಹೆಚ್ಚು ಚದುರಿತು, ಕಲಿತದ್ದು ಕಡಿಮೆ. ಹಾಗಂತ ಬೋಳು ಗೋಡೆಯೂ ಬೇಡ. ಮಕ್ಕಳೇ ಮಾಡಿದ್ದನ್ನು ಹಾಕಿ, ಆಗಾಗ ಬದಲಿಸಿ, ಬೋರ್ಡಿನ ಸುತ್ತ ಮಾತ್ರ ಖಾಲಿ ಬಿಡಿ. ಇಷ್ಟೆಲ್ಲ ಆಗಿ ಹಣ ಉಳಿದರೆ ಬಣ್ಣ ಬಳಿಸಿ: ಮೂರು ಗೋಡೆಗೆ ತಿಳಿಬಣ್ಣ, ಗಾಢ ಬೇಕೇ ಬೇಕು ಅಂದವರಿಗೆ ಒಂದು ಗೋಡೆ ಬಿಟ್ಟುಕೊಡಿ.